25 ಸೆಕೆಂಡಿನ ಕಾಫಿ

ಮನೆಯಲ್ಲಿ ಎಸ್ಪ್ರೆಸೊ ಮಿಶನ್ ಇಟ್ಟುಕೊಂಡವನಿಗೆ ಕಾಫಿ ಕುಡಿಯಲು ಪುರಸೊತ್ತು ಇರುವುದಿಲ್ಲ. ಕಾಫಿ ಇಳಿಯುವುದಕ್ಕೆ 25 ಸೆಕೆಂಡು ಸಾಕು ಎಂದು ಡಬ್ಬದ ಮೇಲೆ ಬರೆದಿರುತ್ತಾರೆ. ಅದರಲ್ಲಿ ಸುಳ್ಳೇನೂ ಇಲ್ಲ. ಆ 25 ಸೆಕೆಂಡಿಗೆ ಮುಂಚೆ ಮುಕ್ಕಾಲು ಗಂಟೆ ಸಿದ್ಧತೆ, ಆಮೇಲೆ ಅರ್ಧ ಗಂಟೆ ಮುಸುರೆ ತೊಳೆಯುವ ಕೆಲಸ ಇರುತ್ತದೆ ಎಂಬುದನ್ನು ಬರೆಯಲು ಡಬ್ಬದ ಮೇಲೆ ಜಾಗ ಸಾಲದೆ ಹೋಗಿರಬೇಕು.

ನಿವೃತ್ತನಾದ ಮೇಲೆ ಏನಾದರೊಂದು ಹವ್ಯಾಸ ಹಿಡಿ ಎಂದು ಕಂಡವರೆಲ್ಲ ಹೇಳುತ್ತಿದ್ದರು. ನನ್ನ ಜೊತೆಗೆ ಬ್ಯಾಂಕು ಬಿಟ್ಟವರಲ್ಲಿ ಕೆಲವರು ವಾಕಿಂಗ್ ಹಿಡಿದರು, ಕೆಲವರು ಭಗವದ್ಗೀತೆ ಹಿಡಿದರು, ಒಬ್ಬ ಅಣ್ಣತಮ್ಮಂದಿರ ಮೇಲೆ ಸೈಟಿನ ಕೇಸು ಹಿಡಿದ. ನಾನು ಹಬ್ಬದ ರಿಯಾಯಿತಿಯಲ್ಲಿ ಎಸ್ಪ್ರೆಸೊ ಮಿಶನ್ ಹಿಡಿದೆ. ಸರ್ವೀಸಿನಲ್ಲಿದ್ದಷ್ಟು ಕಾಲ, ಸಣ್ಣ ಕೈಗಾರಿಕೆಯವರು ಯಂತ್ರಕ್ಕೆ ಸಾಲ ಕೇಳಿಕೊಂಡು ಬಂದರೆ, ಇದರಿಂದ ಉತ್ಪತ್ತಿ ಎಷ್ಟು, ನಿರ್ವಹಣೆ ಖರ್ಚೆಷ್ಟು, ಕೆಟ್ಟರೆ ರಿಪೇರಿ ಮಾಡುವವರು ಯಾರು ಎಂದು ಕೇಳದೆ ಫೈಲಿಗೆ ಸಹಿ ಹಾಕಿದವನಲ್ಲ ನಾನು. ನನ್ನ ಮಿಶನ್ನಿನ ವಿಷಯದಲ್ಲಿ ಆ ಮೂರೂ ಪ್ರಶ್ನೆ ಕೇಳಿದ್ದು ನನ್ನ ಹೆಂಡತಿ. ಬೆಲೆ ಎಷ್ಟು ಎಂದು ನಾಲ್ಕನೆಯದನ್ನೂ ಸೇರಿಸಿದಳು. ರಿಯಾಯಿತಿ ಎಷ್ಟು ಸಿಕ್ಕಿತ್ತೋ ಅದನ್ನೇ ಬೆಲೆ ಎಂದು ಹೇಳಿ ಪಾರಾದೆ.

ಮಿಶನ್ನು ಅಡುಗೆಮನೆ ಕಟ್ಟೆಯ ಮೇಲೆ ಕೂರಬೇಕಾದರೆ ಮಿಕ್ಸಿ ಏಳಬೇಕಾಯಿತು. ದೊಡ್ಡ ಪ್ಲಗ್ ಪಾಯಿಂಟ್ ಇದ್ದದ್ದು ಅಲ್ಲೊಂದೇ. ಮಿಕ್ಸಿ ವಾಷಿಂಗ್ ಮಿಶನ್ನಿನ ಪಕ್ಕಕ್ಕೆ ಹೋಯಿತು. ಅಂದಿನಿಂದ ನಮ್ಮ ಮನೆಯ ಚಟ್ನಿ ಬಟ್ಟೆ ಒಗೆಯುವ ಜಾಗದಲ್ಲಿ ಆಗುತ್ತದೆ. ಹಿತ್ತಾಳೆ ಫಿಲ್ಟರನ್ನು ಮಾತ್ರ ಅಮ್ಮ ಅಲ್ಲಾಡಿಸಗೊಡಲಿಲ್ಲ. "ಅದು ಅಲ್ಲೇ ಇರ್ಲಿ ಬಿಡು. ನಿನ್ನ ಮಿಶನ್ನು ಕೈ ಕೊಟ್ಟ ದಿನ ಹುಡುಕ್ಕೊಂಡು ಎಲ್ಲಿ ಹೋಗ್ತೀಯ?" ಅಂದಳು.

ಮಿಶನ್ನಿನ ಮರ್ಮ ಇರುವುದು ಒತ್ತಡದಲ್ಲಿ. ಫಿಲ್ಟರಿನಲ್ಲಿ ನೀರು ತನ್ನ ಭಾರಕ್ಕೆ ತಾನೇ, ತನಗೆ ಮನಸ್ಸು ಬಂದಾಗ ಇಳಿಯುತ್ತದೆ. ಇಲ್ಲಿ ಒಂದು ಪಂಪು 93 ಡಿಗ್ರಿ ಆಸುಪಾಸಿನ ನೀರನ್ನು 9 ಬಾರ್ ಒತ್ತಡದಲ್ಲಿ ಪುಡಿಯೊಳಗೆ ನುಗ್ಗಿಸುತ್ತದೆ. ಕಾರಿನ ಟೈರಿನಲ್ಲಿರುವುದರ ನಾಲ್ಕು ಪಟ್ಟು. ನನ್ನ ಡಬ್ಬದ ಮೇಲೆ 15 ಬಾರ್ ಎಂದೇ ಇತ್ತು. 9 ಸಾಕಾಗುವ ಕಡೆ 15 ಕೊಟ್ಟಿದ್ದಾರೆ ಎಂದು ಅಪಾರ್ಟ್‌ಮೆಂಟಿನ ನಾಲ್ಕೂ ಮಹಡಿಯಲ್ಲಿ ಹೇಳಿಕೊಂಡು ಬಂದೆ. ಅದು ಪಂಪಿನ ಗರಿಷ್ಠ ತಾಕತ್ತೇ ಹೊರತು ಪುಡಿಯ ಮೇಲೆ ಬೀಳಬೇಕಾದ ಒತ್ತಡವಲ್ಲ ಎಂಬುದು ಆಮೇಲೆ ತಿಳಿಯಿತು. ಅದನ್ನು ಹೇಳಲು ಮತ್ತೆ ನಾಲ್ಕು ಮಹಡಿ ಹತ್ತಲಿಲ್ಲ.

"ಕುಕ್ಕರಿಗಿಂತ ಜಾಸ್ತಿನೇನೋ?" ಎಂದು ಕೇಳಿದಳು ಅಮ್ಮ.

"ಕುಕ್ಕರಿನ ಒಂಬತ್ತರಷ್ಟು ಅಮ್ಮ" ಎಂದೆ ಹೆಮ್ಮೆಯಿಂದ.

ಅಮ್ಮ ಎದ್ದು, ಅಡುಗೆಮನೆ ಬಾಗಿಲಲ್ಲಿದ್ದ ತನ್ನ ಕುರ್ಚಿಯನ್ನು ಹಾಲ್‌ನ ಆ ತುದಿಗೆ ಎಳೆಸಿಕೊಂಡಳು. ಕುರ್ಚಿ ಇವತ್ತಿಗೂ ಅಲ್ಲೇ ಇದೆ.

ಸ್ವಿಚ್ ಹಾಕಿದ ತಕ್ಷಣ ಕಾಫಿ ಮಾಡುವಂತಿಲ್ಲ. ದೀಪ ಹಸಿರಾದರೂ ಒಳಗಿನ ಲೋಹವೆಲ್ಲ ಕಾಯಲು ಇನ್ನೂ ಕಾಲು ಗಂಟೆ ಬೇಕು. ಅಲ್ಲಿಯವರೆಗೆ ಬಂದವರನ್ನು ಸುಮ್ಮನೆ ಕೂರಿಸುವುದು ಸರಿಯಲ್ಲವೆಂದು ಇತಿಹಾಸ ಹೇಳುತ್ತೇನೆ. 1884ರಲ್ಲಿ ಇಟಲಿಯ ಟ್ಯೂರಿನ್ ನಗರದ ಆಂಜೆಲೊ ಮೊರಿಯೊಂಡೊ ಹಬೆಯಿಂದ ಕಾಫಿ ಮಾಡುವ ಯಂತ್ರಕ್ಕೆ ಪೇಟೆಂಟ್ ಪಡೆದ. ಅದು ಒಟ್ಟಿಗೆ ದೊಡ್ಡ ಪಾತ್ರೆಯಷ್ಟು ಕಾಫಿ ಮಾಡುತ್ತಿತ್ತು. 1901ರಲ್ಲಿ ಮಿಲಾನಿನ ಲೂಯಿಜಿ ಬೆಜ್ಜೆರಾ ಗಿರಾಕಿಗೊಂದು ಕಪ್ಪಿನಂತೆ ಇಳಿಸುವ ದಾರಿ ಕಂಡುಕೊಂಡ. ಆಗಿನ ಹಬೆಯ ಒತ್ತಡ ಒಂದೂವರೆ ಬಾರ್ ಅಷ್ಟೇ, ಕಾಫಿಗೆ ಸೀದ ರುಚಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಕಿಲೆ ಗಾಜಿಯಾ ಉದ್ದ ಹಿಡಿಕೆ, ಸ್ಪ್ರಿಂಗು ಇಟ್ಟು ಬಿಸಿನೀರನ್ನೇ ಜೋರಾಗಿ ಒತ್ತಿದಾಗ ಕಾಫಿಯ ಮೇಲೆ ಹೊಂಬಣ್ಣದ ನೊರೆ ಕಟ್ಟಿತು. ಅದೇ ಕ್ರೆಮಾ. 1961ರಲ್ಲಿ ಬಂದ ಫೇಮಾ ಕಂಪನಿಯ ಇ61 ಯಂತ್ರ ಹಿಡಿಕೆ ಎಳೆಯುವ ಕೆಲಸವನ್ನು ವಿದ್ಯುತ್ ಪಂಪಿಗೆ ವಹಿಸಿತು. ಸಾಮಾನ್ಯವಾಗಿ 1901ಕ್ಕೆ ಬರುವಷ್ಟರಲ್ಲಿ ಅತಿಥಿಗಳು ಗಡಿಯಾರ ನೋಡುತ್ತಾರೆ. ಗಾಜಿಯಾವರೆಗೆ ಕೂತವರು ನಮ್ಮ ಎದುರು ಮನೆಯ ಹಿರಿಯರೊಬ್ಬರೇ. ಅವರಿಗೆ ಮಧ್ಯಾಹ್ನ ನಿದ್ದೆಯ ಅಭ್ಯಾಸವಿದೆ.

ಮೊದಲ ಕಾಫಿಯ ಕಥೆಗೆ ಬರುತ್ತೇನೆ. ಬೀದಿ ತುದಿಯ ಕಾಫಿಪುಡಿ ಅಂಗಡಿಯಿಂದ ಎಂದಿನಂತೆ 80:20 ಪುಡಿ ಮನೆಯಲ್ಲಿತ್ತು. ಉದ್ದ ಹಿಡಿಯ ಪೋರ್ಟಾಫಿಲ್ಟರಿಗೆ (ನನ್ನ ಹೆಂಡತಿ ಅದನ್ನು ಇಂದಿಗೂ ಸೌಟು ಎನ್ನುತ್ತಾಳೆ) ಪುಡಿ ತುಂಬಿ, ಟ್ಯಾಂಪರ್ ಎಂಬ ಲೋಹದ ಗುಂಡಿಯಿಂದ ಒತ್ತಬೇಕು. ಎಷ್ಟು ಒತ್ತಬೇಕು? ಸುಮಾರು 15 ಕೆಜಿ ಭಾರ ಎಂದು ಬಲ್ಲವರು ಹೇಳುತ್ತಾರೆ. 15 ಕೆಜಿ ಎಂದರೆ ಕೈಗೆ ಹೇಗೆ ತಿಳಿಯಬೇಕು? ಬಚ್ಚಲಿನ ಪಕ್ಕ ಇದ್ದ, ನಿಂತು ತೂಕ ನೋಡುವ ತಕ್ಕಡಿಯನ್ನು ತಂದು ಅಡುಗೆ ಕಟ್ಟೆಯ ಮೇಲಿಟ್ಟು, ಅದರ ಮೇಲೆ ಸೌಟನ್ನಿಟ್ಟು ಒತ್ತಿ ಅಭ್ಯಾಸ ಮಾಡಿದೆ. "ಕಾಲಿಡೋ ತಕ್ಕಡೀನ ಅಡುಗೆ ಕಟ್ಟೆ ಮೇಲಾ!" ಎಂದು ಹಾಲ್‌ನ ಆ ತುದಿಯಿಂದ ಕೂಗು ಬಂತು. ಕಟ್ಟೆಯನ್ನು ಅರಿಶಿನದ ನೀರಿನಲ್ಲಿ ಒರೆಸಿದ ಮೇಲೆ ಪ್ರಯೋಗ ಮುಂದುವರಿಯಿತು.

ಸೌಟನ್ನು ಮಿಶನ್ನಿಗೆ ಸಿಕ್ಕಿಸಿ, ಸ್ವಿಚ್ ಒತ್ತಿದೆ. ಪಂಪು ಗೊರ್ರೆಂದಿತು. ಕಪ್ಪಿಗೆ ಏನೂ ಬೀಳಲಿಲ್ಲ. ಪಂಪಿನ ಸ್ವರ ಏರಿತು, ಕಪ್ಪು ಖಾಲಿಯೇ. ಕೆಳಗೆ ಬಗ್ಗಿ ನೋಡಿದೆ. ಒಂದು ಹನಿ ಕಾಣಿಸಿಕೊಂಡು, ಬೀಳಲೋ ಬೇಡವೋ ಎಂದು ಅಲ್ಲೇ ನಿಂತಿತು. ಮಿಶನ್ ಆರಿಸಿ, ಏನಾಗಿದೆ ನೋಡೋಣವೆಂದು ಹಿಡಿಯನ್ನು ಎಡಕ್ಕೆ ತಿರುಗಿಸಿದೆ.

ಸದ್ದು ಕೇಳಿ ಮೇಲಿನ ಮನೆಯವರು ಇಳಿದು ಬಂದರು. ಕುಕ್ಕರಿನ ಸೇಫ್ಟಿ ವಾಲ್ವ್ ಹಾರಿತೆಂದು ಅವರ ಅಂದಾಜು. ನೆತ್ತಿಯಿಂದ ಬನಿಯನ್ನಿನವರೆಗೆ ಕಾಫಿ ಗಸಿ ಹೊತ್ತು ನಿಂತಿದ್ದ ನಾನು, "ಸ್ವಲ್ಪ ಪುಡಿ ಚೆಲ್ಲಿತು, ಅಷ್ಟೆ" ಎಂದೆ. ಅವರು ತಲೆಯೆತ್ತಿ ತಾರಸಿ ನೋಡಿದರು. ಅಲ್ಲೂ ಚೆಲ್ಲಿತ್ತು.

ಆದದ್ದಿಷ್ಟು. 80:20 ಪುಡಿಯಲ್ಲಿ 20 ಪಾಲು ಚಿಕೋರಿ. ಅದು ಕಾಫಿಯಲ್ಲ, ಹುರಿದ ಬೇರಿನ ಪುಡಿ. ನೀರು ಬಿದ್ದರೆ ಅಂಟಂಟಾಗುತ್ತದೆ. ಫಿಲ್ಟರಿನಲ್ಲಿ ಡಿಕಾಕ್ಷನ್ನಿಗೆ ದಪ್ಪವನ್ನೂ ಬಣ್ಣವನ್ನೂ ಕೊಡುವ ಅದೇ ಗುಣ ಇಲ್ಲಿ ಸೌಟಿನೊಳಗಿನ ಬಾಸ್ಕೆಟ್ಟಿನ ಸಣ್ಣ ತೂತುಗಳನ್ನು ಮುಚ್ಚಿಬಿಟ್ಟಿತು. ನೀರಿಗೆ ಹೋಗಲು ದಾರಿಯಿಲ್ಲ, ಸ್ವಿಚ್ ಆರಿಸಿದರೂ ಒತ್ತಡ ಒಳಗೇ ಕೂತಿರುತ್ತದೆ. ಅಂಥ ಹೊತ್ತಿನಲ್ಲಿ ಹಿಡಿಯನ್ನು ಮುಟ್ಟದೆ ಹತ್ತು ಹದಿನೈದು ನಿಮಿಷ ದೂರ ನಿಲ್ಲಬೇಕೆಂದು ಕೈಪಿಡಿಯಲ್ಲಿ ದಪ್ಪಕ್ಷರದಲ್ಲೇ ಇದೆ. ಕೈಪಿಡಿಯ ಮೇಲಿನ ಗಸಿ ಒರೆಸಿದಾಗ ಕಾಣಿಸಿತು. ತಾರಸಿಗೆ ಬಣ್ಣ ಹೊಡೆಸುವುದನ್ನು ಬಂಡವಾಳ ವೆಚ್ಚದಲ್ಲಿ ತೋರಿಸಬೇಕೋ ನಿರ್ವಹಣೆ ವೆಚ್ಚದಲ್ಲೋ ಎಂದು ಬ್ಯಾಂಕಿನವನಾಗಿ ಇನ್ನೂ ಯೋಚಿಸುತ್ತಿದ್ದೇನೆ.

ಅಲ್ಲಿಗೆ ಪುಡಿ ಬಿಟ್ಟು ಬೀಜಕ್ಕೆ ಬಂದೆ. ಬೀಜ ಬಂದ ಮೇಲೆ ಅದನ್ನು ಅರೆಯುವ ಗ್ರೈಂಡರ್ ಬಂತು. ಗ್ರೈಂಡರ್ ಬಂದ ಮೇಲೆ ಚಿನ್ನದಂಗಡಿಯವರು ಇಡುವಂಥ, ಗ್ರಾಮಿನ ಹತ್ತನೇ ಒಂದು ಭಾಗ ತೋರಿಸುವ ತಕ್ಕಡಿ ಬಂತು. ಲೆಕ್ಕ ಹೀಗೆ: 18 ಗ್ರಾಂ ಪುಡಿ ಹಾಕಿದರೆ 36 ಗ್ರಾಂ ಕಾಫಿ, 25ರಿಂದ 30 ಸೆಕೆಂಡಿನೊಳಗೆ ಬೀಳಬೇಕು. 15 ಸೆಕೆಂಡಿಗೇ ಬಿದ್ದರೆ ನೀರು ನೀರು, ಹುಳಿ. ಪುಡಿ ಇನ್ನೂ ನುಣ್ಣಗಿರಬೇಕಿತ್ತು. 45 ಆದರೆ ಕಹಿ; ತರಿಯಾಗಿರಬೇಕಿತ್ತು. ಹದ ಸಿಗುವವರೆಗೆ ಮಾಡಿದ್ದೆಲ್ಲ ಸಿಂಕಿಗೆ. ಹದ ಸಿಕ್ಕಿತು ಎನ್ನುವಷ್ಟರಲ್ಲಿ ಬೀಜ ಮುಗಿದಿರುತ್ತದೆ. ಹೊಸ ಪ್ಯಾಕೆಟ್ಟಿನ ಬೀಜ ಹಳೆಯದರ ಹದಕ್ಕೆ ಒಪ್ಪುವುದಿಲ್ಲ, ಮತ್ತೆ ಸಿಂಕು. ನಮ್ಮ ಸಿಂಕು ಕುಡಿದಷ್ಟು ಒಳ್ಳೆಯ ಕಾಫಿಯನ್ನು ನಮ್ಮ ವಂಶದಲ್ಲಿ ಯಾರೂ ಕುಡಿದಿಲ್ಲ.

ಮೂಡಿಗೆರೆಯಿಂದ ಮಾವನವರು ಬಂದಿದ್ದಾಗ ಈ ತೂಕದ ಕಾರ್ಯಕ್ರಮ ನಡೆಯುತ್ತಿತ್ತು. ಅವರದು ಸಣ್ಣ ತೋಟ, ಹೆಚ್ಚಾಗಿ ರೊಬಸ್ಟಾ. ಮನೆಯಲ್ಲಿ ಅವರು ಕುಡಿಯುವುದು ಬೆಲ್ಲದ ಕಾಫಿ. 18.3 ಎಂದು ತೋರಿಸುತ್ತಿದ್ದ ತಕ್ಕಡಿಯಿಂದ ನಾನು ಚಿಮುಟದಲ್ಲಿ ಬೀಜ ತೆಗೆಯುವುದನ್ನು ಸ್ವಲ್ಪ ಹೊತ್ತು ನೋಡಿದರು.

"ಅಳಿಯಂದ್ರೇ, ನಾವು ಕಾಫಿ ಮಾರೋದು 50 ಕೆಜಿ ಮೂಟೆ ಲೆಕ್ಕದಲ್ಲಿ. ಒಂದು ಹಿಡಿ ಆಚೆ ಈಚೆ ಆದ್ರೆ ಯಾರೂ ಕೇಳಲ್ಲ."

"ಅಲ್ಲ ಮಾವ, ಇದರಲ್ಲಿ ಅರ್ಧ ಗ್ರಾಂ ಹೆಚ್ಚುಕಮ್ಮಿ ಆದರೂ ರುಚಿ ಬದಲಾಗುತ್ತೆ."

"ಹೌದಾ? ಯಾರಿಗೆ ಗೊತ್ತಾಗುತ್ತೆ?"

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಇಟಲಿಯಿಂದ ಆಮದಾದ ಬೀಜದ ಪ್ಯಾಕೆಟ್ಟನ್ನು ಅವರ ಕೈಗಿತ್ತೆ. ಮೂಸಿ ನೋಡಿ, ಒಂದು ಬೀಜ ಕಚ್ಚಿ, "ರೊಬಸ್ಟಾ ಸೇರ್ಸಿದಾರೆ. ನಮ್ಮದೇ ಇದ್ರೂ ಇರಬಹುದು" ಅಂದರು. ತಮಾಷೆಯಲ್ಲ. ಭಾರತದ ಕಾಫಿಯನ್ನು ಎಲ್ಲರಿಗಿಂತ ಹೆಚ್ಚು ಕೊಳ್ಳುವ ದೇಶ ಇಟಲಿ. ಭಾರತದ ಕಾಫಿಯಲ್ಲಿ ಮೂರನೇ ಎರಡು ಭಾಗಕ್ಕಿಂತ ಹೆಚ್ಚು ಬೆಳೆಯುವುದು ಕರ್ನಾಟಕದಲ್ಲಿ. ಎಸ್ಪ್ರೆಸೊ ಮೇಲಿನ ಕ್ರೆಮಾ ದಪ್ಪಗೆ ನಿಲ್ಲಲೆಂದು ಅಲ್ಲಿಯವರು ತಮ್ಮ ಮಿಶ್ರಣಕ್ಕೆ ರೊಬಸ್ಟಾ ಸೇರಿಸುತ್ತಾರೆ. ಮಾವನವರ ತೋಟದ ಬೀಜ ಹಡಗು ಹತ್ತಿ, ಅಲ್ಲಿ ಹುರಿಸಿಕೊಂಡು, ಹೊಳೆಯುವ ಪೊಟ್ಟಣದಲ್ಲಿ ಅಳಿಯನ ಮನೆಗೆ ವಾಪಸು ಬಂದಿರುವ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ.

"ಕೆಜಿಗೆ ಎಷ್ಟು ಕೊಟ್ರಿ?" ಎಂದು ಕೇಳಿದರು. ಮತ್ತೆ ರಿಯಾಯಿತಿಯ ಮೊತ್ತವನ್ನೇ ಹೇಳಿದೆ. ಅದಕ್ಕೂ ಅವರು ಒಂದು ನಿಮಿಷ ಮಾತಾಡಲಿಲ್ಲ.

"ಅಲ್ಲಿ ಎಲ್ಲರ ಮನೇಲೂ ಇಂಥ ಮಿಶನ್ ಇರುತ್ತಾ?"

ಇರುವುದಿಲ್ಲ. ಇಟಲಿಯವರು ಎಸ್ಪ್ರೆಸೊ ಬೇಕೆಂದರೆ ಬೀದಿಯ ಕಾಫಿ ಬಾರಿಗೆ ಹೋಗಿ ಕಟ್ಟೆಗೆ ಒರಗಿ ನಿಂತೇ ಎರಡು ಗುಟುಕಿಗೆ ಮುಗಿಸಿ ಬರುತ್ತಾರೆ. ಮನೆಯಲ್ಲಿ ತಲೆಮಾರುಗಳಿಂದ ನಡೆದು ಬಂದಿರುವುದು ಮೋಕಾ ಪಾತ್ರೆ: 1933ರಲ್ಲಿ ಅಲ್ಫೋನ್ಸೊ ಬಿಯಾಲೆಟ್ಟಿ ಹೊರತಂದ, ಒಲೆಯ ಮೇಲಿಡುವ ಅಲ್ಯುಮಿನಿಯಂ ಪಾತ್ರೆ. ಕೆಳಗೆ ನೀರು, ನಡುವೆ ಪುಡಿ, ಮೇಲೆ ಕಾಫಿ. ಕೆಟ್ಟರೆ ರಬ್ಬರ್ ಉಂಗುರ ಬದಲಿಸಿದರಾಯಿತು. ಇದನ್ನೆಲ್ಲ ಮಾವನವರಿಗೆ ಹೇಳಲಿಲ್ಲ. ಈ ಸಲ ಮಳೆ ಹೇಗೆ ಎಂದು ಕೇಳಿದೆ.

ಇಷ್ಟು ಬರೀ ಕಾಫಿಯ ಪಾಡು. ಹಾಲು ಇನ್ನೂ ಬಂದಿಲ್ಲ.

ಮಿಶನ್ನಿನ ಬಲಗಡೆ ಒಂದು ಹಬೆಯ ಕೊಳವೆ ಇರುತ್ತದೆ. ಸ್ಟೀಲ್ ಜಗ್ಗಿನಲ್ಲಿ ತಣ್ಣಗಿನ ಹಾಲು ಹಿಡಿದು, ಕೊಳವೆಯ ತುದಿ ಹಾಲಿನ ಮೇಲ್ಮೈಗೆ ತಾಗಿಯೂ ತಾಗದಂತೆ ಇಟ್ಟು ಹಬೆ ಬಿಡಬೇಕು. ಕಾಗದ ಹರಿದ ಸದ್ದು ಬಂದರೆ ಗಾಳಿ ಸರಿಯಾಗಿ ಸೇರುತ್ತಿದೆ ಎಂದರ್ಥ. ನಾಲ್ಕೈದು ಸೆಕೆಂಡಾದ ಮೇಲೆ ತುದಿಯನ್ನು ಸ್ವಲ್ಪ ಇಳಿಸಿ, ಹಾಲು ಸುಳಿ ಸುತ್ತುವಂತೆ ಜಗ್ಗನ್ನು ವಾಲಿಸಬೇಕು. ಹಾಲಿನ ಪ್ರೋಟೀನು ಗಾಳಿಗುಳ್ಳೆಗಳನ್ನು ಹಿಡಿದಿಡುತ್ತದೆ, ಕೊಬ್ಬು ಬಾಯಿಗೆ ನುಣುಪು ಕೊಡುತ್ತದೆ. ಶೇಕಡಾ 3 ಕೊಬ್ಬಿನ ಟೋನ್ಡ್ ಹಾಲಿನಲ್ಲಿ ನೊರೆ ಬೇಗ, ಶೇಕಡಾ 6ರ ಗಟ್ಟಿ ಹಾಲಿನಲ್ಲಿ ರುಚಿ ಹೆಚ್ಚು. ಇದು ಓದಿ ತಿಳಿದದ್ದು. ಮಾಡಿ ತಿಳಿದದ್ದು ಬೇರೆ. ತುದಿ ಕೂದಲೆಳೆಯಷ್ಟು ಮೇಲೆ ಬಂದರೆ ಹಾಲು ಕನ್ನಡಕದ ಮೇಲಿರುತ್ತದೆ. ಆಳಕ್ಕೆ ಹೋದರೆ ಕೊಳವೆ ಕಿರುಚುತ್ತದೆ, ಎದುರು ಮನೆಯ ನಾಯಿ ಅದಕ್ಕೆ ಉತ್ತರ ಕೊಡುತ್ತದೆ. ಒಂದು ವಾರ ಬೆಳಗಿನ ಆರು ಗಂಟೆಗೆ ಇದು ನಡೆದ ಮೇಲೆ, 'ಏಳು ಗಂಟೆಗೆ ಮುಂಚೆ ಯಾರೂ ಗೋಡೆ ಕೊರೆಯುವ ಕೆಲಸ ಮಾಡಿಸಬಾರದು' ಎಂದು ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಸೂಚನೆ ಬಂತು. ಎಲ್ಲರಿಗಿಂತ ಮೊದಲು ಹೆಬ್ಬೆರಳೆತ್ತಿ ಸಮ್ಮತಿ ಸೂಚಿಸಿದವನು ನಾನೇ.

ಅಮ್ಮನ ತಕರಾರು ನೊರೆಯ ಬಗ್ಗೆ ಅಲ್ಲ. "ಕಾಯಿಸದ ಹಾಲಾ?" ಎಂಬುದು ಅವಳ ಪ್ರಶ್ನೆ.

"ಪ್ಯಾಕೆಟ್ ಹಾಲನ್ನು ಡೇರಿಯಲ್ಲೇ 72 ಡಿಗ್ರಿಗೆ 15 ಸೆಕೆಂಡು ಕಾಯಿಸಿರ್ತಾರಮ್ಮ."

"15 ಸೆಕೆಂಡು ಕಾಯಿಸಿದ್ದು ಒಂದು ಕಾಯಿಸೋದೇನೋ? ಉಕ್ಕಿ ಬಂತಾ?"

ಉಕ್ಕಿ ಬರಲಿಲ್ಲ. ಕೊನೆಗೆ ಒಪ್ಪಂದವಾಯಿತು. ಹಾಲನ್ನು ಮೊದಲು ಗ್ಯಾಸ್ ಮೇಲೆ ಉಕ್ಕಿಸಿ, ಆರಿಸಿ, ಕೆನೆ ತೆಗೆದು, ಫ್ರಿಜ್ಜಿನಲ್ಲಿಟ್ಟು ತಣ್ಣಗೆ ಮಾಡಿ, ಆಮೇಲೆ ನನ್ನ ಹಬೆಯಿಂದ ಮತ್ತೆ ಬಿಸಿ ಮಾಡುವುದು. ಹೀಗೆ ಒಂದು ಕಪ್ಪಿಗೆ ಗ್ಯಾಸ್, ಫ್ರಿಜ್ಜು, ಮಿಶನ್ನು ಮೂರೂ ದುಡಿದ ಮೇಲೂ ಅಮ್ಮ ತುಟಿಗಿಟ್ಟುಕೊಂಡು, "ತಣ್ಣಗಿದೆಯಲ್ಲೋ" ಅಂದಳು. ಹಬೆ ಹಾಯಿಸಿದ ಹಾಲನ್ನು 60ರಿಂದ 65 ಡಿಗ್ರಿಗೆ ನಿಲ್ಲಿಸಬೇಕು. 70 ದಾಟಿದರೆ ನೊರೆ ಒಡೆಯುತ್ತದೆ, ಹಾಲಿನ ಸಿಹಿ ಹೋಗಿ ಕಾದ ವಾಸನೆ ಬರುತ್ತದೆ. ಅಮ್ಮನ ಪ್ರಕಾರ ಕಾಫಿ ಬಿಸಿಯಾಗಿದೆಯೋ ಇಲ್ಲವೋ ಎಂದು ತಿಳಿಯುವುದು ನಾಲಗೆಯಿಂದಲ್ಲ, ಲೋಟದ ಅಂಚು ಹಿಡಿಯಲಾರದೆ ಸೆರಗು ಹುಡುಕುವ ಬೆರಳಿನಿಂದ. ಅವಳು ಕಪ್ಪನ್ನು ಮೈಕ್ರೊವೇವಿಗೆ ಇಟ್ಟಳು. ನನ್ನ ನೊರೆ ಅದರ ಗಾಜಿನ ಬಾಗಿಲಾಚೆ ಕುಸಿಯುವುದನ್ನು ನಿಂತು ನೋಡಿದೆ.

ಆ ನೊರೆಯ ಮೇಲೆ ಚಿತ್ರ ಬಿಡಿಸುವ ವಿದ್ಯೆಯೂ ಇದೆ. ಹಾಲು ಸುರಿಯುವಾಗ ಕೈ ಅಲ್ಲಾಡಿಸಿದರೆ ಎಲೆ, ನಿಲ್ಲಿಸಿ ಎಳೆದರೆ ಹೃದಯ. ಮದುವೆಯ ವಾರ್ಷಿಕೋತ್ಸವದ ದಿನ ಹೆಂಡತಿಗೆ ಹೃದಯ ಬಿಡಿಸಿ ಕೊಟ್ಟೆ. ಅವಳು ಏನೆಂದು ಊಹಿಸಲಾರದೆ ಅತ್ತೆಗೆ ತೋರಿಸಿದಳು. ಅಮ್ಮ ಕನ್ನಡಕ ಸರಿಮಾಡಿಕೊಂಡು, "ಆಲೂಗಡ್ಡೆ ಚೆನ್ನಾಗಿ ಬಂದಿದೆ ಕಣೋ" ಅಂದಳು.

ಹಬೆಯ ಕೊಳವೆಗೆ ಒಂದು ಕೆಟ್ಟ ಬುದ್ಧಿ ಇದೆ. ಹಬೆ ನಿಲ್ಲಿಸಿದ ಮರುಕ್ಷಣ ಒಳಗೆ ಉಳಿದ ಹಬೆ ತಣಿದು ನೀರಾಗುತ್ತದೆ. ಅಲ್ಲಿ ನಿರ್ವಾತವಾಗಿ ಜಗ್ಗಿನ ಹಾಲನ್ನು ಮೇಲಕ್ಕೆ ಹೀರಿಕೊಳ್ಳುತ್ತದೆ. ಆದ್ದರಿಂದ ಪ್ರತಿ ಸಲವೂ ಕೂಡಲೇ ಒದ್ದೆ ಬಟ್ಟೆಯಲ್ಲಿ ಒರೆಸಿ, ಒಂದೆರಡು ಸೆಕೆಂಡು ಹಬೆ ಬಿಟ್ಟು ಒಳಗಿನದನ್ನು ಹೊರಗೆ ಕಳಿಸಬೇಕು. ಒರೆಸುತ್ತಿದ್ದೆ, ಹಬೆ ಬಿಡುವುದು ದಂಡವೆಂದುಕೊಂಡಿದ್ದೆ. ಬೇಸಿಗೆ ಬಂತು. ಅಡುಗೆಮನೆಯಲ್ಲಿ ವಾಸನೆ ಶುರುವಾಯಿತು. ಸಿಲಿಂಡರಿನ ಹಿಂದೆ ಇಲಿ ಸತ್ತಿದೆ ಎಂದು ಹೆಂಡತಿ ತೀರ್ಮಾನಿಸಿದಳು. ಸಿಲಿಂಡರು ಸರಿಸಿದೆವು, ಫ್ರಿಜ್ಜು ಎಳೆದೆವು, ಸಿಂಕಿನ ಕೆಳಗಿನ ಪೈಪು ಬಿಚ್ಚಿಸಿದೆವು. ಇಲಿಗಾಗಿ ಟಾರ್ಚು ಹಿಡಿದು ಎಲ್ಲರಿಗಿಂತ ಉತ್ಸಾಹದಿಂದ ಹುಡುಕಿದವನು ನಾನು. ಸಂಜೆ ಕ್ಯಾಪುಚೀನೊಗೆ ಹಬೆ ಬಿಟ್ಟಾಗ ಇಲಿ ಎಲ್ಲಿದೆಯೆಂದು ಮನೆಮಂದಿಗೆಲ್ಲ ಒಟ್ಟಿಗೆ ಗೊತ್ತಾಯಿತು. ತುದಿಯ ಮೂತಿಯನ್ನು ಬಿಚ್ಚಿ ಬಿಸಿನೀರಿನಲ್ಲಿ ನೆನೆಸಿ, ಹೊಲಿಗೆ ಸೂಜಿಯಿಂದ ಒಂದೊಂದೇ ತೂತು ಬಿಡಿಸುತ್ತ ಕೂತೆ. ಇಂಥ ಕೆಲಸಕ್ಕೆ ಅಮ್ಮನ ವಿಧಾನ ಬೇರೆ. ಫಿಲ್ಟರಿನ ತೂತು ಕಟ್ಟಿದರೆ ಗ್ಯಾಸ್ ಉರಿಯ ಮೇಲೆ ಹಿಡಿಯುತ್ತಾಳೆ. ಒಳಗಿನ ಜಿಡ್ಡು ಸುಟ್ಟು ಬೂದಿಯಾಗುತ್ತದೆ. ಹಿತ್ತಾಳೆ ತಡೆಯುತ್ತದೆ. ಮಿಶನ್ನನ್ನು ಉರಿಯ ಮೇಲೆ ಹಿಡಿಯುವಂತಿಲ್ಲ, ಹಿಡಿಯಬೇಕೆನ್ನಿಸಿದ್ದು ಮಾತ್ರ ನಿಜ.

ನೀರಿನದು ಇನ್ನೊಂದು ಗೋಳು. ಬೆಂಗಳೂರಿನ ಹೊರವಲಯದ ನಮ್ಮ ಅಪಾರ್ಟ್‌ಮೆಂಟಿಗೆ ಬರುವುದು ಟ್ಯಾಂಕರಿನ ಕೊಳವೆಬಾವಿ ನೀರು. ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುವ ಸುಣ್ಣವೇ ಮಿಶನ್ನಿನ ಬಾಯ್ಲರಿನಲ್ಲೂ ಕಟ್ಟುತ್ತದೆ. ಆರ್‌ಒ ನೀರು ಹಾಕೋಣವೆಂದರೆ ಲವಣವೇ ಇಲ್ಲದ ನೀರಿನಲ್ಲಿ ಕಾಫಿ ಸಪ್ಪೆ. ಕೆಲವು ಮಿಶನ್ನುಗಳಿಗಂತೂ ತೊಟ್ಟಿಯಲ್ಲಿ ನೀರಿದೆ ಎಂಬುದೇ ಗೊತ್ತಾಗುವುದಿಲ್ಲ, ಏಕೆಂದರೆ ಲವಣವಿಲ್ಲದ ನೀರಿನಲ್ಲಿ ಅದರ ಸೆನ್ಸರಿಗೆ ಕರೆಂಟು ಸರಿಯಾಗಿ ಹರಿಯುವುದಿಲ್ಲ. ಹಾಗಾಗಿ ಎರಡನ್ನೂ ಬೆರೆಸಿ, ಟಿಡಿಎಸ್ ಮೀಟರಿನಿಂದ ಅಳೆದು ಹಾಕುತ್ತೇನೆ. ಹೆಂಡತಿ, "ರೀ, ನಿಮ್ಮ ಬಿಪಿ ನೋಡೋ ಮಿಶನ್ನಿನ ಬ್ಯಾಟರಿ ಹೋಗಿ ವರ್ಷ ಆಯ್ತು" ಎಂದಳು. ಅದು ಈ ಚರ್ಚೆಗೆ ಸಂಬಂಧಿಸಿದ ವಿಷಯವಲ್ಲ.

ಎಷ್ಟು ಬೆರೆಸಿದರೂ ಒಂದೆರಡು ತಿಂಗಳಿಗೊಮ್ಮೆ ಸುಣ್ಣ ಬಿಡಿಸಬೇಕು. ಕಿರಾಣಿ ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ಸಿಗುವ ಸಿಟ್ರಿಕ್ ಆಸಿಡ್ಡನ್ನು ತೊಟ್ಟಿಯ ನೀರಿಗೆ ಕದಡಿ, ಅರ್ಧ ಹಾಯಿಸಿ, ಇಪ್ಪತ್ತು ನಿಮಿಷ ನೆನೆಯಲು ಬಿಟ್ಟು, ಉಳಿದದ್ದನ್ನೂ ಹಾಯಿಸಿ, ಆಮೇಲೆ ಬರೀ ನೀರಿನಲ್ಲಿ ಎರಡು ಮೂರು ತೊಟ್ಟಿ ತೊಳೆಯಬೇಕು. ಒಂದು ಭಾನುವಾರ ನೆನೆಯಲು ಬಿಟ್ಟ ಹೊತ್ತಿಗೆ ಸರಿಯಾಗಿ ಅಕ್ಕನ ಮಗ ಬಂದ. ಸಾಫ್ಟ್‌ವೇರ್ ಕೆಲಸ, ಕಾಫಿಯ ವಿಷಯದಲ್ಲಿ ನಮ್ಮ ಬಳಗಕ್ಕೆಲ್ಲ ಅವನದೇ ಕೊನೆಯ ಮಾತು. ಮಾವನವರೂ ಆಗ ನಮ್ಮಲ್ಲೇ ಇದ್ದರು.

"ಮಾಮ, ನಂಗೊಂದು ಶಾಟ್ ಹಾಕು. ಹಾಲು ಬೇಡ" ಅಂದ.

ಮಿಶನ್ ಬಂದಾಗಿನಿಂದ ತಾನಾಗಿ ಬಾಯಿಬಿಟ್ಟು ಕಾಫಿ ಕೇಳಿದ ಮೊದಲ ಮನುಷ್ಯ ಅವನು. ಆ ಸಂಭ್ರಮದಲ್ಲಿ ತೊಟ್ಟಿಯಲ್ಲಿರುವುದು ಏನೆಂಬುದು ತಲೆಯಿಂದ ಹಾರಿಹೋಯಿತು. ಅವನಿಗೊಂದು ಎಸ್ಪ್ರೆಸೊ, ಮಾವನವರಿಗೊಂದು ಕ್ಯಾಪುಚೀನೊ ಮಾಡಿ ತಂದಿಟ್ಟೆ. ಅವನು ಕಪ್ಪನ್ನು ಮೂಗಿನ ಕೆಳಗೆ ಆಡಿಸಿ, ಸೊರ್ರೆಂದು ಹೀರಿ, ಕಣ್ಣು ಮುಚ್ಚಿದ. "ಮಾಮ! ಏನು ಬ್ರೈಟ್ ಆಗಿದೆ! ನಿಂಬೆ ಇದೆ, ಮೋಸಂಬಿ ಇದೆ... ಇದು ಇಥಿಯೋಪಿಯಾದ್ದಾ?"

ಮಾವನವರು ಚಮಚದಲ್ಲಿ ತಮ್ಮ ಕಪ್ಪನ್ನು ಕೆದಕಿ, "ಅಳಿಯಂದ್ರೇ, ಇದ್ರಲ್ಲಿ ಪನೀರ್ ಆಗಿದೆ" ಅಂದರು.

"ಕಾಯಿಸದ ಹಾಲು ಅಂದ್ರೆ ಹಿಂಗೇ ಆಗೋದು" ಎಂದು ಹಾಲ್‌ನ ತುದಿಯಿಂದ ಅಮ್ಮ.

ಹೆಂಡತಿ ಅಡುಗೆಮನೆಗೆ ಹೋದಳು. ಮಿಶನ್ನಿನ ಪಕ್ಕದಲ್ಲಿದ್ದ ಖಾಲಿ ಪ್ಯಾಕೆಟ್ಟನ್ನು ನೋಡಿದಳು, ನನ್ನನ್ನು ನೋಡಿದಳು, ಅಕ್ಕನ ಮಗನನ್ನು ನೋಡಿದಳು. ಸದ್ಯ, ಉಪ್ಪಿನಕಾಯಿಗೂ ಜಾಮಿಗೂ ಹಾಕುವ ಪದಾರ್ಥ. ಯಾರ ಪ್ರಾಣಕ್ಕೂ ಸಂಚಕಾರವಿರಲಿಲ್ಲ. "ಇನ್ನೊಂದು ಕುಡೀತೀಯೇನಪ್ಪಾ?" ಎಂದು ಕೇಳಿದಳು. ಅವನು ಕುಡಿದ. ಎರಡನೆಯದು ಮೊದಲನೆಯದಕ್ಕಿಂತ ಕ್ಲೀನ್ ಆಗಿದೆ ಎಂದು ತೀರ್ಪು ಕೊಟ್ಟ. ಅಷ್ಟು ಹೊತ್ತಿಗೆ ಬಾಯ್ಲರು ಕ್ಲೀನ್ ಆಗಿದ್ದದ್ದು ಸತ್ಯ. ಬೀಜದ ಹೆಸರು ಕೇಳಿ ಮೊಬೈಲಿನಲ್ಲಿ ಬರೆದುಕೊಳ್ಳಲು ಕಾದ. ಕಿರಾಣಿ ಅಂಗಡಿಯಲ್ಲಿ ಸಣ್ಣ ಪ್ಯಾಕೆಟ್ಟು ಸಿಗುತ್ತದೆ ಎಂದು ಹೇಳಲು ನನಗೆ ನಾಲಗೆ ಏಳಲಿಲ್ಲ. ಅವನು ಇಂದಿಗೂ ಕೇಳುತ್ತಿರುತ್ತಾನೆ.

ಇಷ್ಟಾದರೂ ಪಂಪು ಒಂದು ದಿನ ಸದ್ದು ಮಾತ್ರ ಮಾಡಿ ನೀರು ಎತ್ತದಾಯಿತು. ರಿಪೇರಿಗೆ ಬಂದ ಹುಡುಗ ಮುಚ್ಚಳ ಬಿಚ್ಚಿ, ಸುಣ್ಣದ ಒಂದು ತುಣುಕನ್ನು ಅಂಗೈಯಲ್ಲಿಟ್ಟು ತೋರಿಸಿದ. ನೀರು ಬೀಳುವ ಜಾಲರಿಯಲ್ಲಿ ಕಾಫಿ ಎಣ್ಣೆಯ ಜಿಡ್ಡು, ರಬ್ಬರ್ ವಾಷರು ಕಲ್ಲಾಗಿದೆ. ವಾಷರು ವರ್ಷಕ್ಕೊಮ್ಮೆ ಬದಲಿಸಬೇಕು, ಗ್ರೈಂಡರಿನ ಹಲ್ಲು ಬ್ರಷ್‌ನಿಂದ ತಿಕ್ಕಬೇಕು ಎಂದು ಪಾಠ ಹೇಳಿ, "ಮನೇಲಿ ಎಷ್ಟು ಜನ ಕುಡೀತಾರೆ ಸರ್?" ಎಂದು ಕೇಳಿದ.

"ಯಾರೂ ಇಲ್ಲ" ಎಂದಳು ನನ್ನ ಹೆಂಡತಿ.

ರಿಪೇರಿಯಾದ ಮಿಶನ್ನಿನಿಂದ ಮೊದಲ ಕಪ್ಪನ್ನು ಅವನಿಗೇ ಕೊಡಹೋದೆ. "ಬೇಡ ಸರ್, ದಿನಾ ಹತ್ತು ಮನೇಲಿ ಟೆಸ್ಟ್ ಮಾಡಿ ಮಾಡಿ ಸಾಕಾಗಿದೆ. ಅಮ್ಮಾ, ಫಿಲ್ಟರ್ ಕಾಫಿ ಇದ್ರೆ ಅರ್ಧ ಲೋಟ ಕೊಡಿ" ಅಂದ. ಅಮ್ಮ ಕುರ್ಚಿ ಬಿಟ್ಟೆದ್ದಳು. ಮೊದಲ ಇಳಿತದ ಗಟ್ಟಿ ಡಿಕಾಕ್ಷನ್ನಿನಲ್ಲಿ ಅವನಿಗೆ ಪೂರ್ತಿ ಲೋಟವೇ ಸಿಕ್ಕಿತು.

ಮಿಶನ್ನು ಈಗ ಚೆನ್ನಾಗಿ ನಡೆಯುತ್ತಿದೆ. ಬೆಳಗ್ಗೆ ಐದೂವರೆಗೆ ಎದ್ದು ಸ್ವಿಚ್ ಹಾಕುತ್ತೇನೆ. ನೀರು ಬೆರೆಸುತ್ತೇನೆ, ಬೀಜ ತೂಗುತ್ತೇನೆ, ಕೊಳವೆ ಒರೆಸುತ್ತೇನೆ, ತಟ್ಟೆ ತೊಳೆಯುತ್ತೇನೆ. ಅದು ಕಾಯುವವರೆಗೆ ನಾನೂ ಏನಾದರೂ ಕುಡಿಯಬೇಕಲ್ಲ. ಹಿಂದಿನ ರಾತ್ರಿ ಅಮ್ಮ ಇಳಿಯಲು ಬಿಟ್ಟ ಡಿಕಾಕ್ಷನ್ನಿನಲ್ಲಿ ಒಂದು ಲೋಟ ಬೆರೆಸಿಕೊಂಡು ಕಿಟಕಿಯ ಹತ್ತಿರ ನಿಂತು ಕುಡಿಯುತ್ತೇನೆ. ಎಸ್ಪ್ರೆಸೊ ಮಾಡುವವನಿಗೆ ಮೈಯಲ್ಲಿ ತ್ರಾಣ ಬೇಕು.

ಓದುಗರಲ್ಲಿ ಒಂದು ವಿನಂತಿ. ನಮ್ಮ ಮನೆಗೆ ಯಾವಾಗ ಬೇಕಾದರೂ ಬನ್ನಿ. ಬಂದಾಗ ನನ್ನ ಹೆಂಡತಿ, "ಫಿಲ್ಟರ್ ಕಾಫಿನೋ, ಮಿಶನ್ ಕಾಫಿನೋ?" ಎಂದು ಕೇಳುತ್ತಾಳೆ. ದಯವಿಟ್ಟು ಮಿಶನ್ ಕಾಫಿಯನ್ನೇ ಕೇಳಿ. ಫಿಲ್ಟರಿನಲ್ಲಿ ಉಳಿದಿರುವುದು ಒಂದು ಲೋಟಕ್ಕಾಗುವಷ್ಟು ಡಿಕಾಕ್ಷನ್ ಮಾತ್ರ. ಸಂಜೆಗೆ ಅದು ನನಗೆ ಬೇಕು.